ಒಬ್ಬರ ರಿಪೋರ್ಟು, ಇಡೀ ಮನೆತನದ ತಪಾಸಣೆ

ಎಲ್‌ಡಿಎಲ್ (ರಕ್ತದ ಕೆಟ್ಟ ಕೊಲೆಸ್ಟರಾಲ್, ಮಿ.ಗ್ರಾಂ/ಡಿಎಲ್ ಲೆಕ್ಕದಲ್ಲಿ) 190 ದಾಟಿದ ರಿಪೋರ್ಟು ಮೇಜಿಗೆ ಬಂದರೆ ನಾನು ತುಪ್ಪ, ಎಣ್ಣೆಯ ಮಾತು ಮೊದಲು ಎತ್ತುವುದಿಲ್ಲ. ರಕ್ತದ ಎಲ್‌ಡಿಎಲ್ ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಲಿವರ್‌ನಲ್ಲಿ ಹುಟ್ಟಿನಿಂದಲೇ ಅರೆಬರೆ ಇರುವವರಿದ್ದಾರೆ, ಸುಮಾರು 250–300 ಜನರಲ್ಲಿ ಒಬ್ಬರು. ಇದೇ ಫ್ಯಾಮಿಲಿಯಲ್ ಹೈಪರ್‌ಕೊಲೆಸ್ಟರಾಲೀಮಿಯಾ, ವಂಶದಲ್ಲಿ ಹರಿದು ಬರುವ ಅತಿ ಕೊಲೆಸ್ಟರಾಲ್. ಪಥ್ಯದಿಂದಷ್ಟೇ ಇದು ಹತೋಟಿಗೆ ಬರದು.

ಬೇರೆ ಕಾರಣವಿಲ್ಲವೆಂದು ತಿಳಿಯಲು ಮೊದಲು ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಮೂತ್ರದ ಪ್ರೋಟೀನ್, ಲಿವರ್ ಪರೀಕ್ಷೆ. ಥೈರಾಯ್ಡ್ ಕೊರತೆಯೊಂದಿದ್ದರೂ ಸಾಕು, ಎಲ್‌ಡಿಎಲ್ ಏರಬಹುದು. ರಕ್ತದ ಇನ್ನೊಂದು ಕೊಬ್ಬು ಟ್ರೈಗ್ಲಿಸರೈಡ್ 400 ಮೀರಿದ್ದರೆ ಲೆಕ್ಕ ಹಾಕಿ ತೆಗೆದ ಎಲ್‌ಡಿಎಲ್ ನಂಬುವಂತಿಲ್ಲ, ನೇರವಾಗಿ ಅಳೆಸುತ್ತೇನೆ. ಆಗಲೇ ಅಟೊರ್ವಾಸ್ಟಾಟಿನ್ (ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಗುಂಪಿನ ಮಾತ್ರೆ) 40 ಮಿ.ಗ್ರಾಂ ನುಂಗುತ್ತಿರುವವರ ಎಲ್‌ಡಿಎಲ್ 140 ಇದ್ದರೆ, ಮಾತ್ರೆಯಿಲ್ಲದಿದ್ದರೆ ಹೆಚ್ಚುಕಡಿಮೆ 280. ಈ ಗುಣಾಕಾರ ಮರೆತೇ ಎಷ್ಟೋ ಜನ ಕೈತಪ್ಪಿ ಹೋಗುತ್ತಾರೆ.

‘ಮನೆಯಲ್ಲಿ ಯಾರಿಗಾದರೂ ಹಾರ್ಟ್ ತೊಂದರೆ ಇದೆಯಾ?’ ಎಂದರೆ ಬರುವ ಉತ್ತರ ‘ಇಲ್ಲ’. ಅದಕ್ಕೇ ಹಾಳೆ ತೆಗೆದು ವಂಶವೃಕ್ಷ ಬರೆಯುತ್ತೇನೆ: ತಂದೆ, ತಾಯಿ, ದೊಡ್ಡಪ್ಪ, ಸೋದರಮಾವ, ಒಬ್ಬೊಬ್ಬರೂ ಯಾವ ವಯಸ್ಸಿಗೆ, ಹೇಗೆ ತೀರಿಕೊಂಡರು? ‘42ಕ್ಕೆ ಹೊಲದಲ್ಲಿ ಕುಸಿದು ಬಿದ್ದರು’ ಎಂಬುದನ್ನು ಹೃದಯಾಘಾತವೆಂದು ಯಾರೂ ಬರೆದಿಟ್ಟಿರುವುದಿಲ್ಲ. ಗಂಡಸರಲ್ಲಿ 55, ಹೆಂಗಸರಲ್ಲಿ 60ಕ್ಕಿಂತ ಮೊದಲಿನ ಹೃದ್ರೋಗ ಲೆಕ್ಕಕ್ಕೆ ಬರುತ್ತದೆ. ಈ ಕಾಯಿಲೆ ಇದೆಯೇ ಎಂದು ಅಂಕ ಹಾಕಿ ಅಳೆಯುವ ಡಚ್ ಅಂಕಪಟ್ಟಿಯಲ್ಲಿ ಇದಕ್ಕೆ ಅಂಕ ಸಿಗುವುದು ಹೆತ್ತವರು, ಒಡಹುಟ್ಟಿದವರು, ಮಕ್ಕಳಿಂದ ಮಾತ್ರ. ದೊಡ್ಡಪ್ಪ, ಮಾವಂದಿರು ಯಾವ ಕಡೆ ಹುಡುಕಬೇಕೆಂದು ತೋರಿಸುತ್ತಾರೆ.

ಆಮೇಲೆ ಚಪ್ಪಲಿ ಬಿಚ್ಚಿಸುತ್ತೇನೆ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಮೇಲಿಂದ ಕೆಳಗೆ ಸವರಬೇಕು. ದಪ್ಪವಾಗಿ, ಗಂಟುಗಂಟಾಗಿದ್ದರೆ ಅಲ್ಲೇ 6 ಅಂಕ. ಮುಷ್ಟಿ ಕಟ್ಟಿಸಿ ಗೆಣ್ಣುಗಳ ಮೇಲೂ ನೋಡುತ್ತೇನೆ. 45ಕ್ಕೆ ಮೊದಲೇ ಕಣ್ಣಿನ ಕರಿಗುಡ್ಡೆಯ ಸುತ್ತ ಬಿಳಿ ಬಳೆ ಮೂಡಿದ್ದರೆ 4. ಇವು ಒಂದೇ ಗುಂಪಿನವು, ಎರಡೂ ಸಿಕ್ಕರೆ ದೊಡ್ಡ ಅಂಕವನ್ನೇ ಹಿಡಿಯಬೇಕು, ಕೂಡಿಸಬಾರದು. ಎಲ್‌ಡಿಎಲ್ 190–249ಕ್ಕೆ 3, 250–329ಕ್ಕೆ 5, ಅದರ ಮೇಲೆ 8. ಒಟ್ಟು 8 ಮೀರಿದರೆ ಖಚಿತ, 6–8 ಬಹುತೇಕ ಹೌದು. ಗಂಟು ಇಲ್ಲವೆಂದು ಕಾಯಿಲೆ ಇಲ್ಲ ಎನ್ನಬೇಡಿ. ಚಿಕ್ಕ ವಯಸ್ಸಿನವರಲ್ಲಿ ಅದು ಕಾಣದಿರುವುದೇ ಹೆಚ್ಚು.

ಚಿಕಿತ್ಸೆ ಕಷ್ಟದ್ದಲ್ಲ: ಹೆಚ್ಚು ಡೋಸಿನ ಸ್ಟಾಟಿನ್, ಸಾಲದಿದ್ದರೆ ಜೊತೆಗೆ ಕೊಲೆಸ್ಟರಾಲ್ ಇಳಿಸುವ ಇನ್ನೊಂದು ಮಾತ್ರೆ ಎಜೆಟಿಮಿಬ್ 10 ಮಿ.ಗ್ರಾಂ. ಸ್ಟಾಟಿನ್ ಡೋಸು ದುಪ್ಪಟ್ಟು ಮಾಡಿದರೆ ಇಳಿಯುವುದು ಶೇ. 6ರಷ್ಟೇ, ಆದ್ದರಿಂದ ಎರಡನೇ ಮಾತ್ರೆಗೆ ಹಿಂಜರಿಯುವುದಿಲ್ಲ. ಕೆಡುವುದು ‘ರಿಪೋರ್ಟು ನಾರ್ಮಲ್ ಬಂತು’ ಎಂದು ಮಾತ್ರೆ ಬಿಟ್ಟಾಗ. ಬಿಟ್ಟ ಕೆಲವೇ ವಾರಗಳಲ್ಲಿ ಹಳೆಯ ಅಂಕಿ ವಾಪಸ್. ಗರ್ಭ ಧರಿಸಬೇಕೆಂದಿರುವವರು ಮಾತ್ರ ಸ್ಟಾಟಿನ್ ನಿಲ್ಲಿಸುವ ಬಗ್ಗೆ ಮೊದಲೇ ಬಂದು ಮಾತಾಡಬೇಕು.

ನಿಜವಾದ ಕೆಲಸ ಉಳಿದಿರುವುದು ಆ ಹಾಳೆಯಲ್ಲೇ. ಅಣ್ಣ, ತಂಗಿ, ಮಗ, ಮಗಳು, ಪ್ರತಿಯೊಬ್ಬರಿಗೂ ಅರ್ಧಕ್ಕರ್ಧ ಸಂಭವ. ಸೋದರಮಾವನ ಜೊತೆ ಅಥವಾ ಅತ್ತೆ–ಮಾವನ ಮಕ್ಕಳೊಳಗೆ ಮದುವೆಯಾಗಿದ್ದರೆ ಗಂಡ–ಹೆಂಡತಿ ಇಬ್ಬರನ್ನೂ ಪರೀಕ್ಷಿಸಲೇಬೇಕು. ಇಬ್ಬರಲ್ಲೂ ಇದ್ದರೆ ನಾಲ್ಕರಲ್ಲಿ ಒಂದು ಮಗುವಿಗೆ ಎರಡೂ ಕಡೆಯಿಂದ ಬರುತ್ತದೆ: ಎಲ್‌ಡಿಎಲ್ 400 ಮೀರಿ, ಬಾಲ್ಯದಲ್ಲೇ ಮೊಣಕೈ, ಮಂಡಿ, ಪೃಷ್ಠದ ಮೇಲೆ ಹಳದಿ ಗಂಟುಗಳು. ಅವನ್ನು ಚರ್ಮರೋಗವೆಂದು ಕತ್ತರಿಸಿ ಕಳಿಸುವ ಮುನ್ನ ಒಂದು ಲಿಪಿಡ್ ಪರೀಕ್ಷೆ ಮಾಡಿಸಿ.