ತಲೆನೋವು ಅಂತ ಬಂದವರಿಗೆ ಮೊದಲು ಏನು ಕೇಳಬೇಕು?

"ತಲೆನೋವು ಡಾಕ್ಟ್ರೇ" ಅಂತ ಒಬ್ಬರು ಬಂದು ಕೂತರೆ ನಮ್ಮ ಬಾಯಿಗೆ ತಾನಾಗೇ ಬರುವ ಪ್ರಶ್ನೆ, "ಎಷ್ಟು ನೋವಿದೆ?" ಆದರೆ ನೋವಿನ ಜೋರು ಅಷ್ಟೇನೂ ದಾರಿ ತೋರಿಸುವುದಿಲ್ಲ. ಮೈಗ್ರೇನ್ ಬಂದವರು ತಲೆ ಹಿಡಿದುಕೊಂಡು ನರಳುತ್ತಾರೆ, ಜೀವಕ್ಕೆ ಅಪಾಯ ಇರುವುದಿಲ್ಲ. ಮೆದುಳಲ್ಲಿ ಗಡ್ಡೆ ಬೆಳೆಯುತ್ತಿರುವವರು "ಸ್ವಲ್ಪ ಭಾರ ಅಷ್ಟೇ" ಅಂದುಬಿಡಬಹುದು. ಹಾಗಾಗಿ ಮೊದಲು ಕೇಳಬೇಕಾದ್ದು, ಹೇಗೆ ಶುರುವಾಯಿತು ಅಂತ.

ಇದನ್ನು ಅವಸರ ಮಾಡದೆ ಕೇಳಿ. ಆಗ ಏನು ಮಾಡುತ್ತಿದ್ದಿರಿ, ನೋವು ಪೂರ್ತಿ ಏರಲು ಎಷ್ಟು ಹೊತ್ತು ಹಿಡಿಯಿತು? "ಸಡನ್ನಾಗಿ ಬಂತು" ಅಂತ ಎಲ್ಲರೂ ಹೇಳುತ್ತಾರೆ, ಅದನ್ನು ಹಾಗೇ ಬರೆದುಕೊಳ್ಳಬೇಡಿ, ಬೆಳಿಗ್ಗೆ ಶುರುವಾಗಿ ಮಧ್ಯಾಹ್ನಕ್ಕೆ ಜೋರಾದದ್ದೂ ಕೆಲವರಿಗೆ ಸಡನ್ನೇ. ನಾವು ಹುಡುಕುತ್ತಿರುವುದು ಒಂದು ನಿಮಿಷದೊಳಗೆ ತುತ್ತತುದಿ ಮುಟ್ಟಿದ ನೋವನ್ನು, ಹಿಂದಿನಿಂದ ಯಾರೋ ತಲೆಗೆ ಬಡಿದರೇನೋ ಅನ್ನಿಸುವಂಥದ್ದನ್ನು. ಮೆದುಳಿನ ಸುತ್ತ ರಕ್ತಸ್ರಾವ ಆಗಿರಬಹುದು. ಆಗಿಲ್ಲ ಅಂತ ಖಾತ್ರಿಯಾಗುವ ತನಕ ಆಗಿದೆ ಅಂತಲೇ ನಡೆದುಕೊಳ್ಳಬೇಕು. ಮಾತ್ರೆಗೆ ನೋವು ಇಳಿಯಿತಲ್ಲ ಅಂತ ಮನೆಗೆ ಕಳಿಸುವುದು ದೊಡ್ಡ ತಪ್ಪು, ರಕ್ತಸ್ರಾವದ ನೋವೂ ಮಾತ್ರೆಗೆ ತಗ್ಗಬಹುದು. ಗಡಿಯಾರವನ್ನೂ ನೋಡಿ. ಮೊದಲ 6 ಗಂಟೆಯೊಳಗೆ ಸಿಟಿ ಸ್ಕ್ಯಾನ್ ಮಾಡಿದರೆ ರಕ್ತ ಹೆಚ್ಚುಕಡಿಮೆ ಕಂಡೇ ಕಾಣುತ್ತದೆ. ಹೊತ್ತು ಹೋದಂತೆ ಅದು ಮಸುಕಾಗುತ್ತದೆ, ಆಗ ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೂ ಬೆನ್ನಿನ ನೀರು, ಅಂದರೆ ಮೆದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ದ್ರವ, ತೆಗೆದು ನೋಡಬೇಕಾಗಬಹುದು.

ಆಮೇಲೆ, ಮೊದಲೂ ಹೀಗೇ ಬರುತ್ತಿತ್ತಾ? ವರ್ಷಗಳಿಂದ ಒಂದೇ ಥರ ಬಂದು ಹೋಗುವ ನೋವಾದರೆ ಸ್ವಲ್ಪ ನಿರಾಳ. "ಈ ಸಲ ಬೇರೆ ಥರ ಇದೆ" ಅಂದರೆ ಮಾತ್ರ ಪೆನ್ನು ಕೆಳಗಿಟ್ಟು ಕೇಳಿ. ಹಳೇ ಚೀಟಿಯಲ್ಲಿ ಮೈಗ್ರೇನ್ ಅಂತ ಬರೆದಿದೆ ಎಂದಮಾತ್ರಕ್ಕೆ ಅವರಿಗೆ ಬೇರೆ ಕಾಯಿಲೆ ಬರಬಾರದು ಅಂತೇನೂ ಇಲ್ಲ, ಅಲ್ವಾ?

50 ದಾಟಿದವರಿಗೆ ಹೊಸದಾಗಿ ತಲೆನೋವು ಶುರುವಾಗಿದ್ದರೆ ಇನ್ನೂ ಮೂರು ಪ್ರಶ್ನೆ ಸೇರಿಸಿ. ಅಗಿಯುವಾಗ ದವಡೆ ಸೋಲುತ್ತದಾ? ತಲೆ ಬಾಚುವಾಗ ನೆತ್ತಿ ನೋಯುತ್ತದಾ? ಕಣ್ಣು ಒಮ್ಮೆಯಾದರೂ ಮಂಜಾಗಿತ್ತಾ? ಹೌದು ಅಂದರೆ ಕಣತಲೆಯ ರಕ್ತನಾಳದ ಉರಿಯೂತ ಇರಬಹುದು. ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ಪರೀಕ್ಷೆಗೆ ರಕ್ತ ಕಳಿಸಿ, ಅನುಮಾನ ಗಟ್ಟಿಯಾಗಿದ್ದರೆ ಬಯಾಪ್ಸಿಗೆ (ರಕ್ತನಾಳದ ತುಣುಕು ತೆಗೆದು ನೋಡುವ ಪರೀಕ್ಷೆ) ಕಾಯದೆ ಸ್ಟೆರಾಯ್ಡ್ ಶುರು ಮಾಡಬೇಕು. ಇದರಲ್ಲಿ ಹೋದ ದೃಷ್ಟಿ ವಾಪಸ್ ಬರುವುದು ತೀರಾ ಅಪರೂಪ.

ಮಲಗಿದರೆ, ಕೆಮ್ಮಿದರೆ ನೋವು ಜಾಸ್ತಿ, ಬೆಳಿಗ್ಗೆ ಏಳುವಾಗಲೇ ವಾಂತಿ ಅಂದರೆ ತಲೆಯೊಳಗೆ ಒತ್ತಡ ಏರಿರಬಹುದು. ಎದ್ದು ನಿಂತರೆ ನೋವು, ಮಲಗಿದರೆ ಆರಾಮ ಅಂದರೆ ಉಲ್ಟಾ, ಬೆನ್ನಿನ ನೀರು ಎಲ್ಲೋ ಸೋರುತ್ತಿರಬಹುದು. ಜ್ವರದ ಜೊತೆ ಕತ್ತು ಬಿಗಿ, ಮಂಪರು, ಫಿಟ್ಸ್, ತಲೆಗೆ ಪೆಟ್ಟು, ರಕ್ತ ತೆಳುವಾಗಿಸುವ ಮಾತ್ರೆ, ಕ್ಯಾನ್ಸರ್, ಎಚ್‌ಐವಿ, ಗರ್ಭಿಣಿ ಅಥವಾ ಬಾಣಂತಿ, ಇವುಗಳಲ್ಲಿ ಯಾವುದಿದ್ದರೂ ಸುಮ್ನೆ ಮಾತ್ರೆ ಬರೆದು ಕಳಿಸುವ ಹಾಗಿಲ್ಲ. ಒಂದೇ ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು ಅಂದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ನೆನಪಿರಲಿ.

ಪರೀಕ್ಷೆಗೆ ಹತ್ತು ನಿಮಿಷ ಸಾಕು. ಬಿಪಿ, ಜ್ವರ, ಕತ್ತು, ಮಾತು, ಕಣ್ಣಿನ ಪಾಪೆ. ಎರಡೂ ಕೈ ಮುಂದೆ ಚಾಚಿಸಿ, ಒಂದು ಜಾರುತ್ತದಾ ನೋಡಿ, ನಾಲ್ಕು ಹೆಜ್ಜೆ ನಡೆಸಿ. ನಾವು ಜಾಸ್ತಿ ತಪ್ಪಿಸುವುದು ಕಣ್ಣಿನ ಒಳಭಾಗ ನೋಡುವುದನ್ನು. ಆಫ್ತಾಲ್ಮೋಸ್ಕೋಪ್ ಡ್ರಾಯರ್‌ನಲ್ಲೇ ಇರುತ್ತದೆ, ಸೆಲ್ ಮುಗಿದಿರುತ್ತದೆ, ನಾನೂ ಈ ಸಾಲಿನವನೇ. ತಲೆಯೊಳಗಿನ ಒತ್ತಡಕ್ಕೆ ಕಣ್ಣಿನ ನರದ ತುದಿ ಊದಿದೆಯಾ ಅಂತ ಇನ್ನು ಹೇಗೆ ಗೊತ್ತಾಗಬೇಕು?

ಇಷ್ಟೆಲ್ಲ ಸರಿಯಿದ್ದರೆ ಹೆಚ್ಚಿನವರಿಗೆ ಸ್ಕ್ಯಾನ್ ಬೇಕಿಲ್ಲ. ನೋವಿಗೊಂದು ಹೆಸರು ಕೊಡಿ. ಮೈಗ್ರೇನ್ 4ರಿಂದ 72 ಗಂಟೆ ಇರುತ್ತದೆ, ಅವರು ಕತ್ತಲಲ್ಲಿ ಅಲ್ಲಾಡದೆ ಮಲಗಲು ನೋಡುತ್ತಾರೆ. ಕ್ಲಸ್ಟರ್ ತಲೆನೋವಿನವರು ಕೂರಲಾರದೆ ಶತಪಥ ಹಾಕುತ್ತಾರೆ, ಒಂದೇ ಕಣ್ಣಲ್ಲಿ ನೀರು ಸುರಿಯುತ್ತದೆ.

ಕೊನೆಗೆ ಮಾತ್ರೆ ಎಣಿಸಿ. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ದಿನ ಅಥವಾ ಹೆಚ್ಚು, ಮೈಗ್ರೇನ್‌ಗೆ ಕೊಡುವ ಟ್ರಿಪ್ಟಾನ್ ಮಾತ್ರೆ ಆದರೆ 10 ದಿನ, ಹೀಗೆ 3 ತಿಂಗಳು ದಾಟಿದರೆ ಮಾತ್ರೆಯೇ ತಲೆನೋವು ತರಬಹುದು. ಬಾಯಲ್ಲಿ ಕೇಳಿದರೆ "ಯಾವಾಗಲೋ ಒಂದು" ಅನ್ನುತ್ತಾರೆ. ಮುಂದಿನ ಸಲ ಬರುವಾಗ ಖಾಲಿ ಶೀಟುಗಳನ್ನೇ ತರಲು ಹೇಳಿ.