ಸೂಜಿಯ ಹಿಂದೆ ಹೋಗಿ ಕ್ಲಿನಿಕ್ ಸರಿಮಾಡಿಕೊಂಡಿದ್ದು

ಮಲೆನಾಡಿನ ಒಂದು ಸಣ್ಣ ಊರಿನಲ್ಲಿ ನನ್ನ ಕ್ಲಿನಿಕ್ ಇದೆ. ನಾನು, ಒಬ್ಬರು ಸಿಸ್ಟರ್, ಚೀಟಿ ಬರೆಯುವ ಹುಡುಗ, ಸಂಜೆ ಗುಡಿಸಿ ಒರೆಸಲು ಬರುವ ಅಮ್ಮ. ಇಷ್ಟೇ ಜನ. ಗುಣಮಟ್ಟ, ಸುರಕ್ಷತೆ ಅಂದರೆ ದೊಡ್ಡ ಆಸ್ಪತ್ರೆಯವರು ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ಸಂಸ್ಥೆ) ಫೈಲು ತೋರಿಸುತ್ತಾರೆ. ಅದನ್ನು ನೋಡಿಕೊಳ್ಳಲು ಅವರಲ್ಲಿ ಬೇರೆ ಜನ ಇರುತ್ತಾರೆ. ನಮ್ಮಂಥವರು ಎಲ್ಲಿಂದ ಶುರು ಮಾಡಬೇಕು? ನಾನು ಇಂಜೆಕ್ಷನ್ನಿನಿಂದ ಶುರು ಮಾಡಿದೆ. ಚೀಟಿಯಲ್ಲಿ ಅದನ್ನು ಬರೆಯುವ ಹೊತ್ತಿನಿಂದ ಹಿಡಿದು ಅದರ ಸೂಜಿ ಊರು ಬಿಟ್ಟು ಹೋಗುವವರೆಗೆ ಏನೇನಾಗುತ್ತದೆ ಅಂತ ನೋಡುತ್ತಾ ಹೋದರೆ, ಕ್ಲಿನಿಕ್ಕಿನ ಅರ್ಧ ಕೆಲಸ ಅದರೊಳಗೇ ಬಂದುಬಿಡುತ್ತದೆ.

ಮೊದಲು ಕೇಳಬೇಕಾದ್ದು, ಈ ಇಂಜೆಕ್ಷನ್ ಬೇಕಾ? "ಒಂದು ಸೂಜಿ ಹಾಕಿಬಿಡಿ ಡಾಕ್ಟ್ರೇ, ನಾಳೆ ಅಡಿಕೆ ಕೊನೆಕೊಯ್ಲಿದೆ" ಅನ್ನುವವರು ನಮ್ಮಲ್ಲಿ ಜಾಸ್ತಿ. ಜ್ವರಕ್ಕೆ, ಮೈಕೈ ನೋವಿಗೆ ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧ ಚುಚ್ಚುವುದು ಹಳೆಯ ರೂಢಿ. ನಾನು ಜ್ವರಕ್ಕೆ ಅದನ್ನು ಪೂರ್ತಿ ನಿಲ್ಲಿಸಿದೆ. ಕಾರಣ ನಮ್ಮ ಊರಿನಲ್ಲೇ ಇದೆ. ಮಳೆಗಾಲದಲ್ಲಿ ಡೆಂಗ್ಯೂ, ಚಳಿ ಮುಗಿಯುತ್ತಾ ಬೇಸಿಗೆಗೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹತ್ತಿರ ಮೊದಲು ಗುರುತಿಸಿದ ಕಾಯಿಲೆ ಅದು. ಎರಡರಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ, ರಕ್ತ ಒಸರುವ ಭಯ ಇರುತ್ತದೆ. ಅಂಥವರ ಮಾಂಸಖಂಡಕ್ಕೆ ಸೂಜಿ ಹಾಕಿದರೆ ಅಲ್ಲೇ ರಕ್ತ ಕಟ್ಟಬಹುದು. ಡೈಕ್ಲೋಫೆನಾಕ್ ಆ ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಮೊದಲ ದಿನ ಬಂದ ಜ್ವರ ಯಾವುದು ಅಂತ ಮುಖ ನೋಡಿ ಹೇಳಲು ಯಾರಿಂದಲೂ ಆಗುವುದಿಲ್ಲ. ಸೊಂಟದ ಕೆಳಗೆ ತಪ್ಪು ಜಾಗಕ್ಕೆ ಚುಚ್ಚಿದರೆ ನರಕ್ಕೆ ಪೆಟ್ಟಾಗಿ ಪಾದ ಎತ್ತಲಾಗದೆ ಉಳಿದವರೂ ಇದ್ದಾರೆ. ಪ್ಯಾರಾಸಿಟಮಾಲ್ ಮಾತ್ರೆ ಇರುವಾಗ ಇದೆಲ್ಲ ಯಾಕೆ?

ಹೀಗೆ ಹೇಳಿದ್ದಕ್ಕೆ ಕೆಲವರು ಬೇಸರಪಟ್ಟು ಬೇರೆ ಡಾಕ್ಟರ ಹತ್ತಿರ ಹೋದರು. ಹೋಗಲಿ. ಆದರೆ ಇಂಜೆಕ್ಷನ್ ಕಡಿಮೆಯಾದ ಮೇಲೆ ಸಿಸ್ಟರ್‌ಗೆ ಉಳಿದದ್ದನ್ನು ಸರಿಯಾಗಿ ಮಾಡಲು ಪುರಸೊತ್ತು ಸಿಕ್ಕಿತು. ಸುರಕ್ಷತೆಗೆ ದುಡ್ಡು ಬೇಕು ಅನ್ನುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಮೊದಲು ಬೇಕಾದ್ದು ಪುರಸೊತ್ತು.

ನಿಜವಾಗಿ ಬೇಕಾದ ಇಂಜೆಕ್ಷನ್ನಿಗೆ ಒಂದು ಟ್ರೇ ಮಾಡಿದೆವು. ಸ್ಪಿರಿಟ್ಟಿನಲ್ಲಿ ಅದ್ದಿಟ್ಟ ಹತ್ತಿಯ ಡಬ್ಬಿಯನ್ನು ತೆಗೆದುಹಾಕಿದೆವು. ಎಲ್ಲ ಕ್ಲಿನಿಕ್ಕಿನಲ್ಲೂ ಮೇಜಿನ ಮೇಲೆ ಕೂತಿರುತ್ತದಲ್ವಾ, ಅದೇ ಡಬ್ಬಿ. ಬೆಳಿಗ್ಗೆಯಿಂದ ಸಂಜೆವರೆಗೆ ಅದರೊಳಗೆ ಬೆರಳು ಹೋಗುತ್ತಿರುತ್ತದೆ, ಸ್ಪಿರಿಟ್ ಆರುತ್ತಿರುತ್ತದೆ. ಮುಂಚೆಯೇ ನೆನೆಸಿಟ್ಟ ಹತ್ತಿ ಬಳಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಈಗ ಒಂದೊಂದೇ ಪ್ಯಾಕೆಟ್ಟಿನ ಸ್ವಾಬ್. ಔಷಧ ಎಳೆದುಕೊಳ್ಳಲು ಸುಲಭ ಅಂತ ಲಿಗ್ನೋಕೇನ್ (ಜಾಗ ಮರಗಟ್ಟಿಸುವ ಔಷಧ) ಬಾಟಲಿಯ ರಬ್ಬರಿಗೆ ಒಂದು ಸೂಜಿ ಚುಚ್ಚಿಟ್ಟು ಬಿಡುವುದೂ ಎಲ್ಲ ಕಡೆ ಇದೆ. ಅದು ರೋಗಾಣುಗಳಿಗೆ ಬಾಗಿಲು ತೆರೆದಿಟ್ಟ ಹಾಗೆ. ಈಗ ಪ್ರತಿ ಸಲವೂ ಹೊಸ ಸೂಜಿ, ಹೊಸ ಸಿರಿಂಜು. ಬಾಟಲಿ ತೆರೆದ ತಾರೀಖನ್ನು ಮೇಲೆ ಬರೆಯುತ್ತೇವೆ. 28 ದಿನ ಆಯಿತೆಂದರೆ ಒಳಗೆ ಎಷ್ಟೇ ಉಳಿದಿರಲಿ ಎಸೆಯುವುದೇ. ಕಂಪನಿ ಅದಕ್ಕಿಂತ ಕಡಿಮೆ ದಿನ ಹೇಳಿದ್ದರೆ ಅಷ್ಟಕ್ಕೇ ನಿಲ್ಲಿಸುತ್ತೇವೆ.

ಚುಚ್ಚುವ ಮುಂಚೆ ಸಿಸ್ಟರ್ ಔಷಧದ ಹೆಸರು, ಪ್ರಮಾಣ, ಎಕ್ಸ್‌ಪೈರಿ ತಾರೀಖನ್ನು ಗಟ್ಟಿಯಾಗಿ ಓದುತ್ತಾರೆ. "ಯಾವುದಾದರೂ ಔಷಧ ಆಗಿಬರುವುದಿಲ್ವಾ?" ಅಂತ ಮತ್ತೊಮ್ಮೆ ಕೇಳುತ್ತಾರೆ. ನಾನು ಕೇಳಿದ್ದರೂ ಕೇಳುತ್ತಾರೆ. ಏನಾದರೂ ಸರಿ ಅನ್ನಿಸದಿದ್ದರೆ ಅವರು ನಿಲ್ಲಿಸಬಹುದು, ನಾನು ಎಷ್ಟೇ ಅವಸರದಲ್ಲಿದ್ದರೂ ಸರಿ. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. "ಡಾಕ್ಟ್ರಿಗೆ ಗೊತ್ತಿರುತ್ತೆ ಬಿಡಿ" ಅನ್ನುವುದು ನಮ್ಮ ಕಡೆ ಅಷ್ಟು ಆಳವಾಗಿದೆ. ಹಾಗಾಗಿ ಅವರು ನಿಲ್ಲಿಸಿದಾಗ, ನಿಲ್ಲಿಸಬೇಕಾಗಿರಲಿಲ್ಲ ಅಂತ ಗೊತ್ತಾದರೂ, ಪೇಷಂಟ್ ಮುಂದೆಯೇ ಥ್ಯಾಂಕ್ಸ್ ಹೇಳುತ್ತೇನೆ.

ಗೋಡೆಯ ಮೇಲೆ ಒಂದೇ ಒಂದು ದೊಡ್ಡ ಚಾರ್ಟ್ ಇದೆ, ಅನಾಫಿಲ್ಯಾಕ್ಸಿಸ್‌ನದು. ಔಷಧ ಒಗ್ಗದೆ ಉಸಿರು ಕಟ್ಟಿ ಬಿಪಿ ಕುಸಿದಾಗ ಎಷ್ಟೋ ಕಡೆ ಮೊದಲು ಕೈ ಹೋಗುವುದು ಅಲರ್ಜಿಗೆ ಕೊಡುವ ಅವಿಲ್ ಕಡೆಗೆ, ಸ್ಟೀರಾಯ್ಡ್ ಕಡೆಗೆ. ಆ ಹೊತ್ತಿನಲ್ಲಿ ಜೀವ ಉಳಿಸುವುದು ಅಡ್ರಿನಲಿನ್. ದೊಡ್ಡವರಿಗೆ 0.5 ಮಿಲಿಗ್ರಾಂ, ತೊಡೆಯ ಹೊರಬದಿಯ ಮಾಂಸಖಂಡಕ್ಕೆ. ಮಲಗಿಸಿ ಕಾಲು ಎತ್ತರಿಸಬೇಕು, ಎಬ್ಬಿಸಿ ನಿಲ್ಲಿಸಿ ನಡೆಸಬಾರದು. ಆಂಪ್ಯೂಲು, ಸಿರಿಂಜು, ಸೂಜಿ ಮೂರನ್ನೂ ಒಂದೇ ಡಬ್ಬಿಯಲ್ಲಿಟ್ಟಿದ್ದೇವೆ. ಡಬ್ಬಿಗೆ ಬೀಗ ಇಲ್ಲ. ಬೀಗದ ಕೈ ಹುಡುಕುತ್ತಾ ಕೂರುವ ಹೊತ್ತಲ್ಲ ಅದು. ಎಕ್ಸ್‌ಪೈರಿ ನೋಡುವುದು ಪ್ರತಿ ತಿಂಗಳ ಒಂದನೇ ತಾರೀಖು, ಚೀಟಿ ಹುಡುಗನ ಕೆಲಸ. ಅವನಿಗೆ ಔಷಧ ಗೊತ್ತಿಲ್ಲದಿದ್ದರೂ ತಾರೀಖು ಓದಲು ಬರುತ್ತದೆ. ಲಸಿಕೆ ಹಾಕಿಸಿಕೊಂಡವರು ಅರ್ಧ ಗಂಟೆ ಬೆಂಚಿನ ಮೇಲೆ ಕೂರಲೇಬೇಕು. ಬಸ್ಸು ತಪ್ಪುತ್ತದೆ ಅಂತ ಗೊಣಗುತ್ತಾರೆ. ಹಾಗಾಗಿ ಬಸ್ಸಿನ ಟೈಮು ಕೇಳಿಕೊಂಡೇ ಲಸಿಕೆ ಹಾಕುತ್ತೇವೆ.

ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವಂತಿಲ್ಲ. ಸೂಜಿ ಚುಚ್ಚಿಕೊಳ್ಳುವುದು ಸುಮಾರು ಸಲ ಮುಚ್ಚಳ ಹಾಕುವಾಗಲೇ. ಕಟರ್‌ನಲ್ಲಿ ಕತ್ತರಿಸಿದ ಸೂಜಿ ಬಿಳಿ ಡಬ್ಬಿಗೆ, ಸಿರಿಂಜು ಕೆಂಪು ಚೀಲಕ್ಕೆ, ಗಾಜಿನ ಆಂಪ್ಯೂಲು ನೀಲಿಗೆ, ರಕ್ತದ ಹತ್ತಿ ಹಳದಿಗೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಬಣ್ಣಗಳು ಇವು. ಒಯ್ಯುವ ಗಾಡಿ ಬರುವವರೆಗೆ ಬೀಗ ಹಾಕಿದ ಜಾಗದಲ್ಲಿರುತ್ತದೆ. ಸಂಸ್ಕರಿಸದ ಕಸ 48 ಗಂಟೆ ಮೀರಿ ಇಡಬಾರದು ಅಂತ ನಿಯಮ. ಮಳೆಗಾಲದಲ್ಲಿ ಗಾಡಿ ಬರದಿದ್ದರೆ ನಾವೇ ಫೋನ್ ಹಚ್ಚಿ ಬೆನ್ನು ಬೀಳುತ್ತೇವೆ. ಒರೆಸುವ ಅಮ್ಮನೂ ಸೇರಿ ಎಲ್ಲರಿಗೂ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಹಾಕಿಸಿದ್ದೇನೆ. ಸೂಜಿಯ ಅಪಾಯ ಆ ಅಮ್ಮನಿಗೂ ಇದೆ. ಎಲ್ಲೋ ಬಿದ್ದ ಸೂಜಿ ಕೊನೆಗೆ ಸಿಗುವುದು ಅವರ ಕೈಗೇ.

ಫ್ರಿಜ್ ಬಗ್ಗೆ ಸ್ವಲ್ಪ ಹೇಳಬೇಕು. ಲಸಿಕೆಗೆ 2ರಿಂದ 8 ಡಿಗ್ರಿ ಬೇಕು. ಕರೆಂಟ್ ಹೋದರೆ ಬಿಸಿಯಾಗಿ ಕೆಡುತ್ತದೆ ಅಂತ ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿಯೂ ಕೆಡುತ್ತದೆ ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ಟಿಡಿ (ಧನುರ್ವಾಯು, ಗಂಟಲಮಾರಿ ಲಸಿಕೆ), ಹೆಪಟೈಟಿಸ್ ಬಿ ಒಮ್ಮೆ ಗಟ್ಟಿಯಾದರೆ ಮುಗಿಯಿತು, ಮತ್ತೆ ಕರಗಿದರೂ ಕೆಲಸಕ್ಕೆ ಬಾರದು. ಹಾಗಾಗಿ ಫ್ರೀಜರಿಗೆ ಅಂಟಿಸಿ ಇಡುವುದಿಲ್ಲ, ಬಾಗಿಲಿನಲ್ಲೂ ಇಡುವುದಿಲ್ಲ. ಕೆಳಗಿನ ತಟ್ಟೆಯಲ್ಲಿ ನೀರಿನ ಬಾಟಲಿ ತುಂಬಿಟ್ಟಿದ್ದೇವೆ, ಕರೆಂಟ್ ಹೋದಾಗ ತಂಪು ಇನ್ನಷ್ಟು ಹೊತ್ತು ನಿಲ್ಲುತ್ತದೆ. ದಿನಕ್ಕೆರಡು ಸಲ ತಾಪಮಾನ ಬರೆಯುತ್ತೇವೆ. ಯಾರದೇ ಮನೆಯ ಹಾಲು, ಮೊಸರು ಒಳಗೆ ಹೋಗುವಂತಿಲ್ಲ, ನನ್ನ ಊಟದ ಡಬ್ಬಿಯೂ.

ಗಾಯಕ್ಕೆ ಹೊಲಿಗೆ ಹಾಕುವ ಸಾಮಾನಿಗೆ ಕುದಿಸುವ ಪಾತ್ರೆ ಬಿಟ್ಟು, ಒತ್ತಡದ ಹಬೆಯಲ್ಲಿ ಶುದ್ಧ ಮಾಡುವ ಆಟೋಕ್ಲೇವ್ ತಂದೆವು. ಕುದಿಸಿದರೆ ಟೆಟನಸ್‌ನಂಥ ರೋಗಾಣುಗಳ ಬೀಜಕಣ ಸಾಯುವುದಿಲ್ಲ. 121 ಡಿಗ್ರಿ, 15 ಪೌಂಡ್ ಒತ್ತಡ ತಲುಪಿದ ಮೇಲೆ ಸಮಯ ಎಣಿಸಬೇಕು. ಬಟ್ಟೆಯಲ್ಲಿ ಸುತ್ತಿದ ಸಾಮಾನಿಗೆ 30 ನಿಮಿಷ. ಗಂಟಿನ ಮೇಲೆ ಅಂಟಿಸಿದ ಸೂಚಕ ಟೇಪಿನ ಗೆರೆ ಕಪ್ಪಾಯಿತು ಅಂದ ಮಾತ್ರಕ್ಕೆ ಒಳಗಿನದು ಶುದ್ಧ ಆಯಿತು ಅಂತಲ್ಲ, ಬಿಸಿ ತಾಗಿತು ಅಂತಷ್ಟೆ. ಹಾಗಾಗಿ ಗಂಟಿನ ಒಳಗೂ ಒಂದು ಸೂಚಕ ಪಟ್ಟಿ ಇಡುತ್ತೇವೆ. ಒದ್ದೆ ಗಂಟು ಹೊರಬಂದರೆ ಮತ್ತೆ ಒಣಗಿದ ಬಟ್ಟೆಯಲ್ಲಿ ಸುತ್ತಿ ಒಳಗೆ ಹಾಕುವುದು.

ಇನ್ನು ನಾನು ಬರೆಯುವ ಔಷಧದ ಚೀಟಿ. ಔಷಧದ ಹೆಸರು ದೊಡ್ಡಕ್ಷರದಲ್ಲಿ, ಹೊತ್ತು ಕನ್ನಡದಲ್ಲಿ. "ಬಿಡಿ" (ದಿನಕ್ಕೆರಡು ಸಲ), "ಟಿಡಿಎಸ್" (ದಿನಕ್ಕೆ ಮೂರು ಸಲ) ಅಂತ ಬರೆದರೆ ಮನೆಯಲ್ಲಿ ಯಾರು ಓದುತ್ತಾರೆ? ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ ತಿನ್ನುವ ಮಾತ್ರೆ. ದಿನಾ ತಿಂದರೆ ಬಾಯಿ ಹುಣ್ಣಾಗಿ, ರಕ್ತಕಣ ಇಳಿದು ಪ್ರಾಣಕ್ಕೇ ಬರುತ್ತದೆ. ಬೇರೆ ಊರಿನ ತಜ್ಞರು ಬರೆದುಕೊಟ್ಟದ್ದನ್ನು ತಂದರೂ ನಾನು ಅದರ ಪಕ್ಕ "ಸೋಮವಾರ ಮಾತ್ರ" ಅಂತ ಬರೆದು, ಮನೆಯವರ ಬಾಯಲ್ಲಿ ಹೇಳಿಸಿ ಕಳಿಸುತ್ತೇನೆ.

ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿಗೆ ತಪಾಸಣೆಗೆ ಬಂದವರು ಸರ್ಟಿಫಿಕೇಟ್, ದರಪಟ್ಟಿ, ಕಸದ ಒಪ್ಪಂದ ಕೇಳಿದರು. ಎಲ್ಲ ಇತ್ತು, ತೋರಿಸಿದೆ. ಅಡ್ರಿನಲಿನ್ ಡಬ್ಬಿ ಎಲ್ಲಿ ಅಂತ ಯಾರೂ ಕೇಳಲಿಲ್ಲ. ಅದನ್ನು ಈಗ ನಾನೇ ಕೇಳುತ್ತೇನೆ, ಮುನ್ಸೂಚನೆ ಕೊಡದೆ, ಪೇಷಂಟ್ ಇಲ್ಲದ ಹೊತ್ತು ನೋಡಿ. ಹೊಸಬರು ಕೆಲಸಕ್ಕೆ ಸೇರಿದರೆ ಮೊದಲ ವಾರವೇ.