ಎಷ್ಟು ವ್ಯಾಟ್ ಎಂದು ಕೇಳುವ ಮೊದಲು

ಕಳೆದ ಮಾಘದಲ್ಲಿ ಮಾಲೂರಿನಲ್ಲಿ ತಂಗಿಯ ಮಗನ ಹೊಸ ಮನೆಯ ಗೃಹಪ್ರವೇಶ. ಬೆಳಗಿನ ಪೂಜೆ, ಮಧ್ಯಾಹ್ನದ ಊಟ ಎಲ್ಲ ಸೊಗಸಾಗಿಯೇ ನಡೆಯಿತು. ಸಂಜೆ ಆರೂವರೆಗೆ ನಡುಮನೆಯ ದೀಪಗಳನ್ನು ಒಟ್ಟಿಗೆ ಹಾಕಿದರು ನೋಡಿ, ಅರಿಶಿನ ಕುಂಕುಮಕ್ಕೆ ಕುಳಿತಿದ್ದ ಹೆಂಗಸರೆಲ್ಲ ಜ್ವರ ಬಿಟ್ಟು ಎದ್ದವರ ಹಾಗೆ ಬಿಳಿಚಿಕೊಂಡರು. ತಂಗಿ ಉಟ್ಟಿದ್ದ ಕಡುಗೆಂಪು ರೇಷ್ಮೆ ಸೀರೆ ಬೂದಿ ನೀರಿನಲ್ಲಿ ಅದ್ದಿ ತೆಗೆದಂತೆ ಮಂಕಾಯಿತು. ತಲೆಯೆತ್ತಿ ಎಣಿಸಿದೆ. ಫಾಲ್ಸ್ ಸೀಲಿಂಗ್‌ನಲ್ಲಿ ಇಪ್ಪತ್ತೆರಡು ದುಂಡು ದೀಪಗಳು, ಎಲ್ಲವೂ ಒಂದೇ ಬಿಳಿ. “ಬೆಳಕು ಹೇಗಿದೆ ದೊಡ್ಡಮ್ಮ?” ಎಂದು ಹುಡುಗ ಹೆಮ್ಮೆಯಿಂದ ಕೇಳಿದ. ಆಪರೇಷನ್ ಕೋಣೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಶುಭ ದಿನ.

ಆಮೇಲೆ ವಿಚಾರಿಸಿದಾಗ ತಿಳಿಯಿತು. ಅಂಗಡಿಯವರು “ಎಷ್ಟು ವ್ಯಾಟ್ ಕೊಡಲಿ?” ಎಂದರಂತೆ, ಇವನು “ಜೋರಾಗಿರುವುದನ್ನೇ ಕೊಡಿ” ಎಂದನಂತೆ. ದೀಪದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಆಗುವ ಮಾತುಕತೆ ಇಷ್ಟೇ. ಆ ದೀಪದ ಕೆಳಗೆ ಯಾರು ಕುಳಿತು ಏನು ಮಾಡುತ್ತಾರೆ ಎಂದು ಯಾರೂ ಕೇಳುವುದಿಲ್ಲ. ನಾನು ಐವತ್ತು ವರ್ಷ ಸಂಸಾರ ಮಾಡಿದವಳು, ಸೀಮೆಎಣ್ಣೆ ಬುಡ್ಡಿಯಿಂದ ಹಿಡಿದು ಎಲ್ಲ ಬೆಳಕಿನಲ್ಲೂ ಅವರೆಕಾಯಿ ಸುಲಿದಿದ್ದೇನೆ. ಆ ಧೈರ್ಯದ ಮೇಲೆ ನಾಲ್ಕು ಮಾತು ಹೇಳುತ್ತೇನೆ.

ನಮ್ಮ ಕೋಲಾರ ಜಿಲ್ಲೆಗೆ ಕರೆಂಟು ಬಂದದ್ದು 1902ರಲ್ಲಿ, ಬೆಂಗಳೂರಿಗಿಂತ ಮೂರು ವರ್ಷ ಮೊದಲು. ಶಿವನಸಮುದ್ರದಿಂದ ತಂತಿ ಎಳೆದು ಚಿನ್ನದ ಗಣಿಗೆ ಕೊಟ್ಟರು. ಹಾಗೆಂದು ಬೀಗಬೇಕಾಗಿಲ್ಲ. ಗಣಿಗೆ ಬಂದ ಬೆಳಕು ಅಲ್ಲಿಂದ ನಾಲ್ಕು ಹರದಾರಿ ಆಚೆಗಿದ್ದ ನನ್ನ ತವರೂರಿಗೆ ಬರುವ ಹೊತ್ತಿಗೆ ನಾನು ಮಗ್ಗಿ ಕಲಿತು ಮುಗಿಸಿದ್ದೆ. ಬಂದದ್ದೂ ನಡುಮನೆಗೆ ಒಂದೇ 40 ವ್ಯಾಟಿನ ತಂತಿಯ ಬುರುಡೆ. ಆ ಕಾಲದಲ್ಲಿ ಬೆಳಕನ್ನು ವ್ಯಾಟಿನಲ್ಲಿ ಅಳೆಯುವುದು ಸರಿಯಾಗಿತ್ತು, ಏಕೆಂದರೆ ಬಲ್ಬು ಎಂದರೆ ಒಂದೇ ಜಾತಿ. ಎಲ್‌ಇಡಿ ಬಂದ ಮೇಲೆ ಆ ಲೆಕ್ಕ ತಪ್ಪಿತು.

ವ್ಯಾಟ್ ಎಂದರೆ ದೀಪ ತಿನ್ನುವ ಕರೆಂಟು. ಅದು ಕೊಡುವ ಬೆಳಕಿನ ಅಳತೆ ಲುಮೆನ್. ಹಸು ಎಷ್ಟು ಹಿಂಡಿ ತಿನ್ನುತ್ತದೆ ಎಂದು ಕೇಳಿ ಹಾಲು ಎಷ್ಟು ಕರೆಯುತ್ತದೆ ಎಂದು ಕೇಳದೆ ಯಾರಾದರೂ ವ್ಯಾಪಾರ ಮಾಡುತ್ತಾರೆಯೇ? 60 ವ್ಯಾಟಿನ ಹಳೆಯ ಬುರುಡೆ ಸುಮಾರು 800 ಲುಮೆನ್ ಕೊಡುತ್ತಿತ್ತು. ಅಷ್ಟೇ ಬೆಳಕಿಗೆ ಈಗ 8 ಅಥವಾ 9 ವ್ಯಾಟಿನ ಎಲ್‌ಇಡಿ ಸಾಕು. ದಿನಕ್ಕೆ ಐದು ಗಂಟೆಯಂತೆ ತಿಂಗಳು ಉರಿಸಿದರೆ ಹಳೆಯದು 9 ಯೂನಿಟ್ ನುಂಗುತ್ತಿತ್ತು, 9 ವ್ಯಾಟಿನದು ಒಂದೂವರೆ ಯೂನಿಟ್ಟಿಗೂ ಕಡಿಮೆ. ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಇರುವಾಗ ಇದೆಲ್ಲ ಯಾಕೆ ಎನ್ನಬೇಡಿ. 200 ಯೂನಿಟ್ ಎನ್ನುವುದು ಮೇಲಿನ ಮಿತಿ. 2023ರಲ್ಲಿ ಯೋಜನೆ ಬಂದಾಗ ಒಂದೊಂದು ಮನೆಗೂ ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ ನೂರಕ್ಕೆ ಹತ್ತರಷ್ಟು ಸೇರಿಸಿ ಗಡಿ ಹಾಕಿದ್ದರು.

ಇನ್ನು ಬಣ್ಣದ ವಿಷಯ. ಹುಡುಗ ಎಡವಿದ್ದು ಇಲ್ಲಿಯೇ. ಡಬ್ಬಿಯ ಮೇಲೆ 2700, 3000, 4000, 6500 ಎಂಬ ಯಾವುದಾದರೂ ಒಂದು ಅಂಕಿ, ಅದರ ಮುಂದೆ ಕೆ ಅಕ್ಷರ ಇರುತ್ತದೆ. ಕೆ ಎಂದರೆ ಕೆಲ್ವಿನ್. ಅಂಕಿ ಕಡಿಮೆಯಿದ್ದಷ್ಟೂ ಬೆಳಕು ಹಳದಿ, ಹಣತೆಯ ಕಡೆಯದು. ಏರಿದಷ್ಟೂ ಬಿಳುಪು, ಕೊನೆಗೆ ನೀಲಿ ಬೆರೆತ ಬಿಳುಪು. ನಮ್ಮ ಅಂಗಡಿಗಳಲ್ಲಿ ಏನೂ ಹೇಳದೆ ಕೇಳಿದರೆ ಕೈಗೆ ಬರುವುದು 6500. ಬಿಳಿಯ ಬೆಳಕೇ ಜೋರು ಎಂಬ ನಂಬಿಕೆ ನಮ್ಮಲ್ಲಿ ಟ್ಯೂಬ್‌ಲೈಟ್ ಕಾಲದಿಂದ ಕೂತುಬಿಟ್ಟಿದೆ. ಜೋರು ಎಷ್ಟು ಎಂದು ಹೇಳುವುದು ಲುಮೆನ್ನೇ ಹೊರತು ಬಣ್ಣವಲ್ಲ.

ನಾನು ಮಾಡಿಕೊಂಡಿರುವ ಏರ್ಪಾಟು ಹೀಗಿದೆ. ಮಲಗುವ ಕೋಣೆ, ದೇವರ ಮನೆ, ಊಟಕ್ಕೆ ಕೂರುವ ಜಾಗಕ್ಕೆ 2700 ಅಥವಾ 3000. ಅಡುಗೆಮನೆ, ಮಕ್ಕಳು ಓದುವ ಮೇಜು, ಕನ್ನಡಿಯ ಪಕ್ಕಕ್ಕೆ 4000. ಉಗ್ರಾಣಕ್ಕೆ 6500 ಹಾಕಿದರೂ ನಡೆಯುತ್ತದೆ, ಅಲ್ಲಿ ಯಾರ ಮುಖವನ್ನೂ ನೋಡಬೇಕಾಗಿಲ್ಲ. ನಡುಮನೆಗೆ ಎರಡು ಸ್ವಿಚ್ಚು: ನೆಂಟರು ಬಂದಾಗ, ಕಾಗದಪತ್ರ ನೋಡುವಾಗ ಹಾಕುವ 4000ದ ಪಟ್ಟಿ ದೀಪ ಒಂದು, ಸುಮ್ಮನೆ ಕುಳಿತಿರುವಾಗ ಹಾಕುವ ಹಳದಿ ದೀಪ ಇನ್ನೊಂದು.

ಅಡುಗೆಮನೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ದೀಪವನ್ನು ಚಾವಣಿಯ ನಡುವೆ ಹಾಕುವುದು ವಾಡಿಕೆ. ಕಟ್ಟೆ ಇರುವುದು ಗೋಡೆಯ ಪಕ್ಕ. ನೀವು ಕಟ್ಟೆಗೆ ಮುಖ ಮಾಡಿ ನಿಂತರೆ ದೀಪ ಬೆನ್ನ ಹಿಂದೆ, ನಿಮ್ಮ ನೆರಳು ಹಲಗೆಯ ಮೇಲೆ, ಚಾಕು ನೆರಳಿನಲ್ಲಿ. ಎಷ್ಟು ವ್ಯಾಟ್ ಏರಿಸಿದರೂ ನೆರಳು ಕಪ್ಪಾಗುತ್ತದೆಯೇ ಹೊರತು ಹೋಗುವುದಿಲ್ಲ. ನನ್ನ ಎಡಗೈ ಹೆಬ್ಬೆರಳಿನಲ್ಲಿ ಇದಕ್ಕೆ ಸಾಕ್ಷಿಯಾಗಿ ಒಂದು ಗೀರು ಇದೆ. ಪುಷ್ಯ ಮಾಸದಲ್ಲಿ ಹಿದುಕಿದ ಬೇಳೆಗೆ ಕುಳಿತರೆ ಇನ್ನೊಂದು ಫಜೀತಿ. ಅವರೆಯ ಹುಳುವೂ ಹಸಿರು, ಕಾಳೂ ಹಸಿರು; ಕೆಟ್ಟ ಬೆಳಕಿನಲ್ಲಿ ಎರಡೂ ಒಂದೇ. ಇದಕ್ಕೆಲ್ಲ ಮದ್ದು ಮೇಲಿನ ಕಪಾಟಿನ ತಳಕ್ಕೆ, ಮುಂದಿನ ಅಂಚಿನಲ್ಲಿ, ಒಂದು ಸಣ್ಣ ಪಟ್ಟಿ ದೀಪ. ರಿಬ್ಬನ್ನಿನಂಥ ಸ್ಟ್ರಿಪ್ ಲೈಟ್ ಹಾಕಿಸುವುದಾದರೆ ಅದನ್ನು ಬರಿಯ ಮರಕ್ಕೆ ಅಂಟಿಸಬೇಡಿ. ಅಲ್ಯೂಮಿನಿಯಂ ಕಾಲುವೆಯೊಳಗೆ ಕೂರಿಸಿ ಮೇಲೆ ಹಾಲುಬಿಳಿ ಮುಚ್ಚಳ ಹಾಕಿಸಿ. ಆ ಕಾಲುವೆ ಶಾಖವನ್ನು ಎಳೆದುಕೊಳ್ಳುತ್ತದೆ, ಒಗ್ಗರಣೆಯ ಜಿಡ್ಡು ಕೂತರೆ ಮುಚ್ಚಳವನ್ನು ಒರೆಸಿದರಾಯಿತು. ಇಂಥ ಸ್ಟ್ರಿಪ್ಪುಗಳಲ್ಲಿ ಹೆಚ್ಚಿನವು 12 ವೋಲ್ಟಿನವು, ಅವಕ್ಕೆ ಅಡಾಪ್ಟರ್ ಬೇಕು. ಅದು ಸ್ಟ್ರಿಪ್ಪಿನ ವ್ಯಾಟಿಗಿಂತ ಕಾಲು ಪಾಲಾದರೂ ದೊಡ್ಡದಿರಲಿ, ಒಲೆಯಿಂದ ದೂರವಿರಲಿ.

ಅವರೆಯ ಹುಳುವಿನ ಮಾತು ಬಂದಾಗ ಇನ್ನೊಂದು ಗುಣವನ್ನೂ ಹೇಳಿಬಿಡುತ್ತೇನೆ. ಒಂದೇ ಲುಮೆನ್, ಒಂದೇ ಕೆಲ್ವಿನ್ ಇರುವ ಎರಡು ಬಲ್ಬುಗಳಲ್ಲಿ ಒಂದು ಬಣ್ಣವನ್ನು ಇದ್ದ ಹಾಗೆ ತೋರಿಸುತ್ತದೆ, ಇನ್ನೊಂದು ಸುಳ್ಳು ಹೇಳುತ್ತದೆ. ಬಿಳಿಯ ಎಲ್‌ಇಡಿಯೊಳಗೆ ನಿಜವಾಗಿ ಇರುವುದು ನೀಲಿ ಬೆಳಕಿನ ಎಲೆಕ್ಟ್ರಾನಿಕ್ ಚಿಪ್. ಮೇಲೆ ಬಳಿದ ಹಳದಿ ಪುಡಿಯ ಲೇಪದಿಂದ ಅದು ಬಿಳಿಯಾಗಿ ಕಾಣುತ್ತದೆ. ಈ ನೀಲಿ ಚಿಪ್ ಮಾಡಿದ ಮೂವರು ಜಪಾನೀ ಮೂಲದ ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಬಂತು. ಲೇಪ ಅಗ್ಗದ್ದಾದರೆ ಮೊದಲು ಸೊರಗುವುದು ಕೆಂಪು. ಟೊಮೆಟೊ ಬೆಳೆಯುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಶೆಡ್ಡಿನಲ್ಲಿ ಕಾಯಿ ವಿಂಗಡಿಸುವಾಗ ಹಣ್ಣಾದದ್ದೂ ದೋರೆಯೂ ಒಂದೇ ಕಂದಾಗಿ ಕಂಡು, ಬೆಳಗ್ಗೆ ಮಂಡಿಯಲ್ಲಿ ಕ್ರೇಟು ಬಿಚ್ಚಿದಾಗ ನಮ್ಮವರು ತಲೆ ತಗ್ಗಿಸಿದ್ದುಂಟು. ಇದನ್ನು ಅಳೆಯುವ ಅಂಕಿಯನ್ನು ಸಿಆರ್‌ಐ ಎನ್ನುತ್ತಾರೆ. ಹಳೆಯ ಬುರುಡೆಗೆ ಹೆಚ್ಚುಕಡಿಮೆ ಪೂರ್ತಿ ನೂರು. ಮನೆಗೆ 80ಕ್ಕಿಂತ ಕೆಳಗಿನದು ಬೇಡ. ಕನ್ನಡಿಯ ಬಳಿಗೆ, ಹೊಲಿಗೆ ಯಂತ್ರದ ಬಳಿಗೆ 90 ಸಿಕ್ಕರೆ ನಾಲ್ಕು ಕಾಸು ಹೆಚ್ಚು ಕೊಟ್ಟಾದರೂ ತನ್ನಿ. ಡಬ್ಬಿಯ ಮೇಲೆ ಅಂಕಿ ಇಲ್ಲದಿದ್ದರೆ ಅಂಗಡಿಯಲ್ಲಿ ಬಲ್ಬು ಹಾಕಿಸಿ ನಿಮ್ಮ ಅಂಗೈಯನ್ನು ಅದರ ಕೆಳಗೆ ಹಿಡಿಯಿರಿ. ಅಂಗೈ ಕೆಂಪಗೆ, ಜೀವಂತವಾಗಿ ಕಂಡರೆ ಸರಿ. ಬೂದುಬಣ್ಣಕ್ಕೆ ತಿರುಗಿದರೆ ಡಬ್ಬಿಯೊಳಗೆ ಹಿಂದಿರುಗಿಸಿ. ಹಾಗೆಯೇ ಮೊಬೈಲ್ ಕ್ಯಾಮೆರಾವನ್ನು ಬಲ್ಬಿನ ಕಡೆಗೆ ಹಿಡಿದಾಗ ಪರದೆಯ ಮೇಲೆ ದಪ್ಪ ಪಟ್ಟೆಗಳು ಓಡಿದರೆ ಆ ಬೆಳಕು ಕಣ್ಣಿಗೆ ಕಾಣದಂತೆ ಮಿಟುಕುತ್ತಿದೆ ಎಂದರ್ಥ. ಓದುವ ಮಕ್ಕಳಿಗೆ ತಲೆನೋವು ತರುವ ಬಾಬತ್ತು ಅದು.

ಮಲಗುವ ಕೋಣೆಗೆ ಯಾಕೆ ಹಳದಿ ಎಂದು ಸೊಸೆ ಒಮ್ಮೆ ವಾದಕ್ಕೆ ನಿಂತಳು. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೋಗಿದ್ದೀರಾ? ಹೊಲದ ತುಂಬ ಸಾಲುಸಾಲಾಗಿ ಬಲ್ಬು ಉರಿಯುತ್ತಿರುತ್ತವೆ. ಮೊದಲ ಸಲ ನೋಡಿದ ಮೊಮ್ಮಗ ಜಾತ್ರೆ ಎಂದುಕೊಂಡಿದ್ದ. ಅವು ಸೇವಂತಿಗೆ ತೋಟಗಳು. ಸೇವಂತಿಗೆ ರಾತ್ರಿ ಉದ್ದವಾದಾಗ ಮೊಗ್ಗು ಬಿಡುವ ಗಿಡ. ರಾತ್ರಿಯ ನಡುವೆ ದೀಪ ಹಾಕಿ ಇನ್ನೂ ಹಗಲು ದೊಡ್ಡದಿದೆ ಎಂದು ಅದನ್ನು ನಂಬಿಸಿ, ಗಿಡ ಎತ್ತರಕ್ಕೆ ಬೆಳೆದ ಮೇಲೆ ದೀಪ ಆರಿಸಿ, ಬೇಕಾದ ಸಮಯಕ್ಕೆ ಹೂವು ಬಿಡಿಸುತ್ತಾರೆ. ಗಿಡವೇ ಮೋಸಹೋಗುವಾಗ ನಾವು ಯಾವ ಲೆಕ್ಕ? ಮಲಗುವ ಹೊತ್ತಿನಲ್ಲಿ ನೀಲಿ ಬೆರೆತ ಬಿಳಿ ಬೆಳಕು ಕಣ್ಣಿಗೆ ಬಿದ್ದರೆ ನಿದ್ದೆ ಹಿಂದಕ್ಕೆ ಹೋಗುತ್ತದೆ. ಇಷ್ಟು ಹೇಳಿದ ಮೇಲೆ ಸೊಸೆ ಬಲ್ಬು ಬದಲಿಸಿದಳು, ಮೊಬೈಲ್ ಮಾತ್ರ ಬಿಡಲಿಲ್ಲ. ರಾತ್ರಿ ಎದ್ದು ಬಚ್ಚಲಿಗೆ ಹೋಗುವ ವಯಸ್ಸಾದವರಿಗೆ ನೆಲದಿಂದ ಒಂದಡಿ ಎತ್ತರದಲ್ಲಿ ಅರ್ಧ ವ್ಯಾಟಿನ ಹಳದಿ ದೀಪ ಸಾಕು. ಹಿಂದೆ ‘ಜೀರೋ ಕ್ಯಾಂಡಲ್’ ಎನ್ನುತ್ತಿದ್ದ ಬಲ್ಬು ಹೆಸರಿಗೆ ಸೊನ್ನೆ, ತಿನ್ನುತ್ತಿದ್ದದ್ದು ಹನ್ನೆರಡು ಹದಿನೈದು ವ್ಯಾಟ್.

ಹೊರಗಿನ ದೀಪಕ್ಕೂ ಹಳದಿಯೇ ಮೇಲು. ಹುಳುಗಳನ್ನು ಕರೆಯುವುದು ನೀಲಿ ಬೆರೆತ ಬೆಳಕು. ಮೊದಲ ಮಳೆಯ ಸಂಜೆ ಈಸಲು ಎದ್ದಾಗ ಜಗುಲಿಯಲ್ಲಿ 6500 ಹಾಕಿ ನೋಡಿ, ಬೆಳಗ್ಗೆ ಮೊರದಲ್ಲಿ ರೆಕ್ಕೆ ತುಂಬಬೇಕಾಗುತ್ತದೆ. (ಹಿಂದೆ ಅದನ್ನೇ ಹಿಡಿದು ಹುರಿದು ತಿನ್ನುತ್ತಿದ್ದೆವು, ಆ ಮಾತು ಬೇರೆ.) ಮಳೆಗೆ ಸಿಗುವ ಜಾಗದ ದೀಪದ ಮೇಲೆ ಐಪಿ 65 ಎಂದು ಇರಬೇಕು, ಧೂಳೂ ನೀರಿನ ಎರಚಲೂ ಒಳಗೆ ಹೋಗುವುದಿಲ್ಲ ಎಂಬ ಗುರುತು ಅದು.

ಸ್ಪಾಟ್ ಲೈಟ್ ಗೋಡೆಗೆ, ಪಟಕ್ಕೆ, ದೇವರ ಮಂಟಪಕ್ಕೆ ಇರುವಂಥದ್ದು. ಅದನ್ನು ಸೋಫಾದ ಮೇಲೆ ಬಿಟ್ಟರೆ ಕುಳಿತವರನ್ನು ಪೊಲೀಸರು ವಿಚಾರಣೆ ಮಾಡುವ ಹಾಗೆ ಇರುತ್ತದೆ. ಫಾಲ್ಸ್ ಸೀಲಿಂಗ್‌ನ ದುಂಡು ದೀಪಗಳಲ್ಲಿ ಹೆಚ್ಚಿನವಕ್ಕೆ ಬಲ್ಬು ಬದಲಿಸುವ ದಾರಿಯಿಲ್ಲ, ಕೆಟ್ಟರೆ ಇಡೀ ದೀಪವನ್ನೇ ಬದಲಿಸಬೇಕು. ಎರಡು ವರ್ಷದ ನಂತರ ಅದೇ ಅಳತೆ, ಅದೇ ಬಣ್ಣ ಸಿಗುವುದಿಲ್ಲ. ಆದ್ದರಿಂದ ಕೊಳ್ಳುವಾಗಲೇ ಎರಡು ಹೆಚ್ಚಾಗಿ ತಂದು ಅಟ್ಟದ ಮೇಲಿಡಿ. ಬ್ಯಾಟರಿ ಇರುವ ಇನ್ವರ್ಟರ್ ಬಲ್ಬು ಕರೆಂಟು ಹೋದಾಗ ತಾನೇ ಹತ್ತಿಕೊಂಡು ಮೂರು ನಾಲ್ಕು ಗಂಟೆ ಉರಿಯುತ್ತದೆ. ಮೆಟ್ಟಿಲ ಬಳಿ, ಅಡುಗೆಮನೆಯಲ್ಲಿ ಒಂದೊಂದು ಸಾಕು. ಮನೆಯಲ್ಲಿ ಯುಪಿಎಸ್ ಇರುವವರು ಅದಕ್ಕೆ ದುಡ್ಡು ಹಾಕುವುದು ದಂಡ.

ಎಲ್‌ಇಡಿ 25,000 ಗಂಟೆ ಬಾಳುತ್ತದೆ ಎಂದು ಡಬ್ಬಿಯಲ್ಲಿ ಬರೆದಿರುತ್ತದೆ. ದಿನಕ್ಕೆ ಐದು ಗಂಟೆಯಂತೆ ಹದಿಮೂರು ವರ್ಷ. ನಮ್ಮ ಮನೆಯಲ್ಲಿ ಒಂದು ಬಲ್ಬು ಹನ್ನೊಂದೇ ತಿಂಗಳಿಗೆ ಹೋಯಿತು. ಯಜಮಾನರು ಅದರ ಬಿಳಿ ಟೋಪಿಯನ್ನು ಬಿಚ್ಚಿ ತೋರಿಸಿದರು. ಒಳಗೆ ಒಂದು ತಟ್ಟೆ, ಅದರ ಮೇಲೆ ಹೆಸರುಬೇಳೆಯಷ್ಟು ಗಾತ್ರದ ಹಳದಿ ಚೌಕಗಳು. ಒಂದರ ನಡುವೆ ಮಾತ್ರ ಅಲಸಂದೆ ಕಾಳಿನ ಕಣ್ಣಿನ ಹಾಗೆ ಕಪ್ಪು ಚುಕ್ಕೆ. ಎಲ್ಲವನ್ನೂ ಒಂದರ ಹಿಂದೆ ಒಂದು ಪೋಣಿಸಿರುವುದರಿಂದ ಅದೊಂದು ಸುಟ್ಟರೆ ಸರವೆಲ್ಲ ಕತ್ತಲೆ. ಕೊಂದದ್ದು ಶಾಖ. ಆ ಬಲ್ಬನ್ನು ನಾವು ಹಳೆಯ ಗಾಜಿನ ಗುಮ್ಮಟದೊಳಗೆ ಮುಚ್ಚಿಟ್ಟಿದ್ದೆವು. ಎಲ್‌ಇಡಿ ಹಳೆಯ ಬುರುಡೆಯಷ್ಟು ಬಿಸಿಯಾಗುವುದಿಲ್ಲ, ನಿಜ. ಆದರೆ ಆಗುವ ಬಿಸಿ ಕತ್ತಿನಲ್ಲಿ ಕೂರುತ್ತದೆ, ಕರೆಂಟನ್ನು ಪಳಗಿಸುವ ಡ್ರೈವರ್ ಇರುವುದೂ ಅಲ್ಲಿಯೇ. ಗಾಳಿಯಾಡದಿದ್ದರೆ ಬೇಯುತ್ತದೆ. ಪಂಪ್‌ಸೆಟ್ಟುಗಳ ನಡುವೆ ಇರುವ ಹಳ್ಳಿಯ ಮನೆಗಳಲ್ಲಿ ವೋಲ್ಟೇಜಿನ ಏರಿಳಿತವೂ ಈ ಡ್ರೈವರನ್ನೇ ಹೊಡೆಯುತ್ತದೆ. ಕೊಳ್ಳುವಾಗ ಐಎಸ್ 16102 ಎಂಬ ಭಾರತೀಯ ಗುಣಮಟ್ಟದ ಸಂಖ್ಯೆಯೂ ಆರ್ ಅಕ್ಷರದ ನೋಂದಣಿ ಸಂಖ್ಯೆಯೂ ಬಲ್ಬಿನ ಮೇಲೆ ಇದೆಯೇ ನೋಡಿ. ಸಂತೆಯಲ್ಲಿ ರಾಶಿ ಹಾಕಿ ಮಾರುವುದರಲ್ಲಿ ಇದು ಇರುವುದು ಅಪರೂಪ.

ಸ್ವಿಚ್ ಆರಿಸಿದ ಮೇಲೂ ಬಲ್ಬು ಮಿಣಿಮಿಣಿ ಎನ್ನುತ್ತಿದ್ದರೆ ದೆವ್ವವಲ್ಲ. ಒಂದೋ ಸ್ವಿಚ್ಚಿನಲ್ಲಿ ಕೆಂಪು ಸೂಚಕ ದೀಪ ಇದೆ, ಇಲ್ಲವೇ ಸ್ವಿಚ್ಚು ಕರೆಂಟು ತರುವ ಫೇಸ್ ತಂತಿಯ ಬದಲು ಅದು ಹಿಂದಿರುಗುವ ನ್ಯೂಟ್ರಲ್ ತಂತಿಯನ್ನು ಕತ್ತರಿಸುತ್ತಿದೆ. ಎರಡನೆಯದಾದರೆ ಹೋಲ್ಡರಿನಲ್ಲಿ ಕರೆಂಟು ಉಳಿದಿರುತ್ತದೆ, ಆ ದಿನವೇ ಎಲೆಕ್ಟ್ರಿಷಿಯನ್ ಕರೆಸಿ. ಬಲ್ಬು ಬದಲಿಸುವವರು ಮೇನ್ ಸ್ವಿಚ್ ಆರಿಸದೆ ಸ್ಟೂಲು ಹತ್ತಬೇಡಿ.

ಮಾಲೂರಿನ ಹುಡುಗ ಇಪ್ಪತ್ತೆರಡರಲ್ಲಿ ಎಂಟನ್ನು 3000ಕ್ಕೆ ಬದಲಿಸಿ ಬೇರೆ ಸ್ವಿಚ್ಚಿಗೆ ಕೊಟ್ಟಿದ್ದಾನೆ, ಆರನ್ನು ತೆಗೆದೇ ಹಾಕಿದ್ದಾನೆ. ಅವನಿಗೆ ಹೇಳಿದ ಕೊನೆಯ ಮಾತನ್ನು ನಿಮಗೂ ಹೇಳುತ್ತೇನೆ. ಹೊಸ ಬಲ್ಬು ಹಾಕುವಾಗ ಅದರ ಕತ್ತಿನ ಮೇಲೆ ಮಾರ್ಕರ್ ಪೆನ್ನಿನಿಂದ ತಾರೀಖು ಬರೆಯಿರಿ, ಬಿಲ್ಲನ್ನು ಡಬ್ಬಿಯೊಳಗೇ ಮಡಚಿಡಿ. ವಾರಂಟಿ ಕೇಳಲು ಇದು ಬೇಕೇ ಬೇಕು. ನಮ್ಮ ಬಚ್ಚಲ ಬಲ್ಬು ಎಂಟು ಎಂಟು ತಿಂಗಳಿಗೆ ಹೋಗುತ್ತಿದೆ ಎಂದು ಗೊತ್ತಾದದ್ದು ಈ ತಾರೀಖಿನಿಂದಲೇ. ಮೂರು ಕಂಪನಿ ಬದಲಿಸಿ, ಮೂರನ್ನೂ ಬೈದ ಮೇಲೆ ನೋಡಿದರೆ ಹೋಲ್ಡರಿನ ಸ್ಪ್ರಿಂಗು ತುಕ್ಕು ಹಿಡಿದು ಸಡಿಲವಾಗಿತ್ತು.